ಕೂಗಿ ಎಬ್ಬಿಸುವ ಜೀವ

ಇಂಥದ್ದೊಂದು ವಸ್ತು ಈ ಭೂಮಿಯ ಮೇಲೆ ಇದೆ ಎಂದು ಇಷ್ಟು ವರ್ಷ ನನಗೆ ಯಾರೂ ಏಕೆ ಹೇಳಲಿಲ್ಲ! ನಾರ್ವೆಯ ಪಶ್ಚಿಮ ಕರಾವಳಿಯ ಹಳ್ಳಿಮನೆಗಳಲ್ಲಿ ಹಿಂದೆಲ್ಲ ಮರದ ಒಂದು ಬಳೆ ನೇತಾಡುತ್ತಿತ್ತು. ಚಿಕ್ಕ ಚಿಕ್ಕ ಮರದ ತುಂಡುಗಳು. ಪ್ರತಿ ತುಂಡಿಗೂ ಕಚ್ಚು ಹೊಡೆದು, ಒಂದರ ಕಚ್ಚಿಗೆ ಇನ್ನೊಂದನ್ನು ಸಿಕ್ಕಿಸುತ್ತ ಹೋಗಿ, ಕೊನೆಯ ತುಂಡನ್ನು ತಂದು ಮೊದಲನೆಯದಕ್ಕೇ ಸೇರಿಸಿಬಿಟ್ಟರೆ ಬಳೆ ಮುಗಿಯಿತು. ನೋಡಿದವರು ಮಕ್ಕಳ ಆಟದ ಸಾಮಾನು ಎಂದುಕೊಳ್ಳಬೇಕು. ಆದರೆ ಆ ಕಚ್ಚುಗಳ ಸಂದಿನಲ್ಲಿ ಬೂದು ಬಣ್ಣದ, ಮುಟ್ಟಿದರೆ ಪುಡಿಯಾಗುವ ಒಣ ಚಕ್ಕೆ ಅಂಟಿಕೊಂಡಿರುತ್ತಿತ್ತು. ಆ ಚಕ್ಕೆಯೇ ಮನೆಯ ಆಸ್ತಿ. ಅದು ಯೀಸ್ಟು. ಬಿಯರಿನ ಹೆಪ್ಪು.

ನಮ್ಮ ಅಡುಗೆಮನೆಯಲ್ಲಿ ಹೆಪ್ಪು ಹೇಗೆ ನಡೆದುಬರುತ್ತದೋ ಅಲ್ಲಿಯೂ ಹಾಗೆಯೇ. ನಿನ್ನೆಯ ಮೊಸರಿನಿಂದ ಇಂದಿನದು, ನಮ್ಮಲ್ಲಿ ಕೆಟ್ಟರೆ ಪಕ್ಕದ ಮನೆಯಿಂದ ಒಂದು ಸೌಟು. ವ್ಯತ್ಯಾಸ ಒಂದೇ, ಆ ವ್ಯತ್ಯಾಸವೇ ನನ್ನನ್ನು ದಂಗುಬಡಿಸಿದ್ದು. ನಾವು ಮೊಸರನ್ನು ದಿನವೂ ಮಾಡುತ್ತೇವೆ, ಆದ್ದರಿಂದ ಹೆಪ್ಪು ಸಾಯುವುದಿಲ್ಲ. ನಾರ್ವೆಯ ರೈತ ಬಿಯರು ಮಾಡುತ್ತಿದ್ದದ್ದು ವರ್ಷಕ್ಕೆ ಕೆಲವೇ ಬಾರಿ. ಕ್ರಿಸ್‌ಮಸ್ಸಿಗೆ, ಹುಲ್ಲು ಕೊಯ್ಲಿಗೆ, ಮದುವೆಗೆ, ಸಾವಿಗೆ. ನಡುವೆ ತಿಂಗಳುಗಟ್ಟಲೆ ಬಿಡುವು. ಫ್ರಿಜ್ ಇಲ್ಲ, ಸೂಕ್ಷ್ಮದರ್ಶಕವಿಲ್ಲ, ತನ್ನ ಕೈಯಲ್ಲಿರುವುದು ಒಂದು ಜೀವಿ ಎಂಬ ತಿಳಿವಳಿಕೆಯೂ ಇಲ್ಲ. ಅಷ್ಟು ದಿನ ಅದನ್ನು ಉಳಿಸಿಕೊಳ್ಳುವುದು ಹೇಗೆ?

ಒಣಗಿಸಿಬಿಟ್ಟ! ನೊರೆಯುಕ್ಕುವ ಪೀಪಾಯಿಯೊಳಗೆ ಆ ಬಳೆಯನ್ನು ಅದ್ದಿ ಎತ್ತಿ, ಗಾಳಿಯಾಡುವಲ್ಲಿ ತೂಗುಹಾಕಿದ. ಕೆಲವು ಮನೆಗಳಲ್ಲಿ ಬಳೆಯ ಬದಲು ತೂತು ಕೊರೆದ ಮರದ ಕೊರಡು, ಕೆಲವೆಡೆ ಹುಲ್ಲಿನ ಸಿಂಬಿ, ಕೆಲವೆಡೆ ಬರೀ ನಾರುಬಟ್ಟೆ. ಮುಂದಿನ ಹಬ್ಬ ಬಂದಾಗ ಕೆಳಗಿಳಿಸಿ, ಬೆಚ್ಚಗಿನ ಸಿಹಿ ಮಾಲ್ಟ್ ರಸದಲ್ಲಿ ಮುಳುಗಿಸಿದ. ಕೆಲವೇ ಗಂಟೆಗಳಲ್ಲಿ ಗುಳ್ಳೆ ಎದ್ದಿತು, ನೊರೆ ಕಟ್ಟಿತು, ಆರು ತಿಂಗಳಿನಿಂದ ಕಟ್ಟಿಗೆಯಾಗಿದ್ದದ್ದು ಬುಸುಗುಡತೊಡಗಿತು.

ಇದರ ಹೆಸರು ಕ್ವೈಕ್. ವೊಸ್, ಹಾರ್ಡಾಂಗರ್, ಹೊರ್ನಿಂಡಾಲ್, ಸುನ್ಮೋರೆ ಮುಂತಾದ ಕಡಲಕೊರಕಲುಗಳ ಸೀಮೆಯಲ್ಲಿ ಇಂದಿಗೂ ಬದುಕಿದೆ. ಮನೆಯಲ್ಲಿ ಬಿಯರು ಮಾಡುವ ಜಗತ್ತಿನಾದ್ಯಂತದ ಹವ್ಯಾಸಿಗಳು ಕಳೆದ ದಶಕದಲ್ಲಿ ಇದರ ಸುದ್ದಿ ಕೇಳಿ ಹುಚ್ಚೆದ್ದು ಕುಣಿದರು. ಯಾಕೆಂದರೆ ಯೀಸ್ಟಿನ ಬಗ್ಗೆ ಪುಸ್ತಕದಲ್ಲಿ ಬರೆದಿದ್ದ ಪಾಠಗಳನ್ನು ಒಂದೊಂದಾಗಿ ಇದು ಸುಳ್ಳು ಮಾಡುತ್ತ ಹೋಯಿತು.

ಮೊದಲನೆಯದು ಬಿಸಿ. ಸಾಮಾನ್ಯ ಏಲ್ ಬಿಯರಿನ ಯೀಸ್ಟು ನೆಮ್ಮದಿಯಿಂದ ಕೆಲಸ ಮಾಡುವುದು 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಲಾಗರ್ ಯೀಸ್ಟಿಗೆ ಇನ್ನೂ ತಂಪು ಬೇಕು, 8ರಿಂದ 12. ಇದಕ್ಕಿಂತ ಬಿಸಿಯೇರಿದರೆ ಬಿಯರಿಗೆ ಕಟುವಾದ ಸ್ಪಿರಿಟ್ಟಿನ ವಾಸನೆ ಹತ್ತುತ್ತದೆ, ಕುಡಿದವರಿಗೆ ತಲೆನೋವು ಖಾತ್ರಿ ಎಂದು ಬ್ರೂಗಾರರು ಹೇಳುತ್ತಾರೆ. ವೊಸ್ ಸೀಮೆಯ ರೈತರು ಕ್ವೈಕ್ ಹಾಕುವುದು ಎಷ್ಟರಲ್ಲಿ ಗೊತ್ತೇ? 39 ಡಿಗ್ರಿಯಲ್ಲಿ! ನಮಗೆ ಜ್ವರ ಬಂದರೆ ಏರುವ ಬಿಸಿ ಅದು. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಅವರ ಅಳತೆ ಆಗಷ್ಟೇ ಕರೆದ ನೊರೆಹಾಲಿನ ಬಿಸುಪು. ಬೆರಳದ್ದಿ ನೋಡಿ, ಹಾಲಿನಷ್ಟು ಬೆಚ್ಚಗಿದ್ದರೆ ಯೀಸ್ಟು ಬೀಳುತ್ತಿತ್ತು. ಒಂದೂವರೆ ಎರಡು ದಿನಗಳಲ್ಲಿ ಹುದುಗುವಿಕೆಯ ದೊಡ್ಡ ಪಾಲು ಮುಗಿದೇ ಹೋಗುತ್ತಿತ್ತು. ಕಟು ವಾಸನೆ? ಇಲ್ಲ. ವೊಸ್‌ನ ಕ್ವೈಕ್ ಬಿಟ್ಟುಹೋಗುವುದು ಕಿತ್ತಳೆ ಸಿಪ್ಪೆಯ ಪರಿಮಳ.

ಇನ್ನು ಆ ಕೂಗು. ಯೀಸ್ಟು ಹಾಕುವ ಗಳಿಗೆಯಲ್ಲಿ ಪೀಪಾಯಿಯ ಮುಂದೆ ನಿಂತು ಎದೆ ಬಿರಿಯುವಂತೆ ಕಿರುಚುವ ಪದ್ಧತಿ ಹೊರ್ನಿಂಡಾಲ್ ಕಡೆಯಲ್ಲಿ ಇತ್ತು, ಈಗಲೂ ಕೆಲವರು ಮಾಡುತ್ತಾರೆ. ಯೇರ್‌ಕೌಕ್ ಎನ್ನುತ್ತಾರೆ. ಕೆಟ್ಟ ಶಕ್ತಿಗಳು ಓಡಲಿ, ಬಿಯರಿಗೆ ಕಸುವು ಬರಲಿ ಎಂದು. ಮೂಢನಂಬಿಕೆ ಎಂದು ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಣ್ಣಿಗೆ ಕಾಣದ ಏನೋ ಒಂದು ಒಳಗೆ ಮಲಗಿದೆ, ಅದನ್ನು ಎಬ್ಬಿಸಬೇಕು ಎಂದು ಆ ಜನಕ್ಕೆ ಅನ್ನಿಸಿತ್ತಲ್ಲ! ಲೂಯಿ ಪಾಸ್ಚರ್ ಬಿಯರಿನ ಕುರಿತ ತನ್ನ ಹೆಸರಾಂತ ಗ್ರಂಥವನ್ನು ಪ್ರಕಟಿಸಿದ್ದು 1876ರಲ್ಲಿ. ಅದಕ್ಕೂ ಎಷ್ಟೋ ತಲೆಮಾರು ಮೊದಲಿನಿಂದ ಇವರು ಅದೊಂದು ಜೀವ ಎಂಬಂತೆಯೇ ನಡೆದುಕೊಂಡಿದ್ದರು.

ಆ ಸೀಮೆಯಲ್ಲಿ ಯೀಸ್ಟು ಕಳೆದುಕೊಳ್ಳುವುದು ಸಣ್ಣ ವಿಷಯವೂ ಆಗಿರಲಿಲ್ಲ. ಮಧ್ಯಯುಗದಲ್ಲಿ ಪಶ್ಚಿಮ ನಾರ್ವೆಯನ್ನು ಆಳಿದ ಗುಲಾಟಿಂಗ್ ಕಟ್ಟಳೆ ಇದೆ. ಅದರ ಪ್ರಕಾರ ರೈತರು ಚಳಿಗಾಲದ ಹಬ್ಬಕ್ಕೆ ಬಿಯರು ಮಾಡಲೇಬೇಕು, ಕನಿಷ್ಠ ಮೂರು ಮನೆಯವರು ಕೂಡಿ ಕುಡಿಯಲೇಬೇಕು. ತಪ್ಪಿದರೆ ದಂಡ. ಮೂರು ವರ್ಷ ಬಿಡದೆ ತಪ್ಪಿಸಿದವನ ಆಸ್ತಿ ಪೂರ್ತಿ ಮುಟ್ಟುಗೋಲು, ಅರ್ಧ ರಾಜನಿಗೆ, ಅರ್ಧ ಬಿಷಪ್ಪನಿಗೆ! ಹಾಗಿದ್ದ ಮೇಲೆ ಮರದ ಬಳೆಯನ್ನು ಯಾರು ತಾನೇ ಜೋಪಾನ ಮಾಡದೆ ಇದ್ದಾರು?

ಈಗ ಆ ಒಣ ಚಕ್ಕೆಯ ಒಳಗೆ ಹೋಗೋಣ. ನಿಜವಾದ ಪವಾಡ ಇರುವುದು ಅಲ್ಲಿ.

ಯೀಸ್ಟು ಏಕಕೋಶ ಜೀವಿ, ಶಿಲೀಂಧ್ರಗಳ ಕುಲ. ಒಂದು ಕೋಶದ ಅಗಲ ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನ ಆಸುಪಾಸು. ಜೀವಕೋಶವೊಂದರಿಂದ ನೀರು ಹೋಯಿತೆಂದರೆ ಸಾಮಾನ್ಯವಾಗಿ ಅದರ ಕತೆ ಮುಗಿದಂತೆ. ಪೊರೆ ಹರಿಯುತ್ತದೆ, ಪ್ರೋಟೀನುಗಳು ಮುದ್ದೆಗಟ್ಟುತ್ತವೆ. ಯೀಸ್ಟು ಏನು ಮಾಡುತ್ತದೆ ನೋಡಿ. ಕಷ್ಟಕಾಲ ಬಂತು ಎಂಬ ಸುಳಿವು ಸಿಕ್ಕ ಕೂಡಲೆ ಟ್ರೆಹಲೋಸ್ ಎಂಬ ಸಕ್ಕರೆಯನ್ನು ತನ್ನೊಳಗೆ ತುಂಬಿಕೊಳ್ಳತೊಡಗುತ್ತದೆ. ಎರಡು ಗ್ಲೂಕೋಸ್ ಕಣಗಳನ್ನು ಜೋಡಿಸಿದ ಸರಳ ಸಕ್ಕರೆ, ಅಷ್ಟೆ. ನೀರು ಖಾಲಿ ಮಾಡಿಹೋದ ಜಾಗದಲ್ಲಿ ಟ್ರೆಹಲೋಸ್ ಬಂದು ಕೂರುತ್ತದೆ. ಪೊರೆಯನ್ನು ಆನಿಸಿ ಹಿಡಿಯುತ್ತದೆ, ಪ್ರೋಟೀನುಗಳು ಆಕಾರ ಕಳೆದುಕೊಳ್ಳದಂತೆ ತಡೆಯುತ್ತದೆ, ಪೂರ್ತಿ ಒಣಗಿದಾಗ ಒಳಗೆಲ್ಲ ಗಾಜಿನಂತೆ ಗಟ್ಟಿಯಾಗುತ್ತದೆ. ಉಸಿರಾಟ ನಿಂತಿತು, ಊಟ ನಿಂತಿತು, ಮೈಯೊಳಗಿನ ರಸಾಯನ ಕ್ರಿಯೆಗಳೆಲ್ಲ ಬಹುಪಾಲು ಸ್ತಬ್ಧ. ಬದುಕಿದೆಯೇ ಎಂದರೆ ಬದುಕಿನ ಲಕ್ಷಣ ಒಂದೂ ಇಲ್ಲ. ಸತ್ತಿದೆಯೇ ಎಂದರೆ ನೀರು ಹಾಕಿ ನೋಡಿ!

ನಾನು ನೋಡಿದೆ. ಬರ್ಗೆನ್‌ನಲ್ಲಿ ನೆಲೆಸಿರುವ ಗೆಳೆಯನೊಬ್ಬ ಮನೆಯಲ್ಲೇ ಬಿಯರು ಮಾಡುತ್ತಾನೆ. ಅವನ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಒಂದು ಪುಟ್ಟ ಜಿಪ್ ಚೀಲ. ಒಳಗೆ ಕಂದುಬೂದು ಚೂರುಗಳು, ಸುಣ್ಣದ ಗೋಡೆ ಹಪ್ಪಳಿಕೆ ಎದ್ದಾಗ ಉದುರುವಂಥವು. ಈಗಿನವರು ಬಳೆಯ ಬದಲು ಓವನ್ನಿನ ಕಾಗದದ ಮೇಲೆ ಗಸಿಯನ್ನು ತೆಳ್ಳಗೆ ಬಳಿದು ಒಣಗಿಸುತ್ತಾರೆ. ಒಂದು ಚೂರನ್ನು ಚಮಚದಲ್ಲಿ ಪುಡಿಮಾಡಿ, ಉಗುರುಬೆಚ್ಚಗಿನ ಮಾಲ್ಟ್ ರಸಕ್ಕೆ ಹಾಕಿ, ಸ್ವಲ್ಪ ಹೊತ್ತಿನ ಬಳಿಕ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ತಳ್ಳಿದ. ಮೊದಲು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಒಂದು ತೊಟ್ಟು ಬೆರೆಸಿದ್ದ. ಜೀವಂತ ಕೋಶಕ್ಕೆ ಆ ನೀಲಿಯನ್ನು ಅಳಿಸಿ ಬಣ್ಣವೇ ಇಲ್ಲದಂತೆ ಮಾಡುವ ಶಕ್ತಿ ಇರುತ್ತದೆ. ಸತ್ತ ಕೋಶ ನೀಲಿಯಾಗಿಯೇ ಉಳಿಯುತ್ತದೆ.

ಕಣ್ಣಿಟ್ಟೆ. ಅಲ್ಲಲ್ಲಿ ನೀಲಿ ಚುಕ್ಕೆಗಳು. ಅವುಗಳ ನಡುವೆ, ಅವುಗಳಿಗಿಂತ ಹೆಚ್ಚಾಗಿ, ನಿಚ್ಚಳ ಬಿಳಿ ದುಂಡುಗಳು! ನನ್ನ ಬಾಯಿಂದ "ಅಯ್ಯೋ, ಬದುಕಿದಾವಲ್ಲೋ!" ಎಂದು ಉದ್ಗಾರ ಬಂತು. "ತಾಳೋ ಮಾರಾಯಾ, ಇನ್ನೂ ನೋಡು" ಎಂದ ಅವನು, ಪಟ್ಟಿಯನ್ನು ಬದಲಿಸಿ. ಈ ಬಾರಿಯ ಹನಿ ಹಿಂದಿನ ರಾತ್ರಿಯೇ ನೆನೆಹಾಕಿದ್ದರದು. ದುಂಡುಗಳಿಗೆಲ್ಲ ಮೊಗ್ಗು! ಒಂದೊಂದರ ಪಕ್ಕೆಯಲ್ಲೂ ಒಂದೊಂದು ಮರಿ. ಕೆಲವಕ್ಕೆ ಆಗಷ್ಟೇ ಗುಬುಟು, ಕೆಲವಕ್ಕೆ ತಾಯಿಯ ಗಾತ್ರಕ್ಕೇ ಬೆಳೆದು ಬಿಟ್ಟುಹೋಗಲು ಸಿದ್ಧವಾದ ಮಗಳು. ಹೌದು, ಜೀವಶಾಸ್ತ್ರದವರು ಅವುಗಳನ್ನು ತಾಯಿ ಮತ್ತು ಮಗಳು ಎಂದೇ ಕರೆಯುತ್ತಾರೆ.

ಈ ತಾಯಿ ಮಗಳ ಲೆಕ್ಕ ಕೇಳಿದ ಮೇಲಂತೂ ನಾನು ಕುರ್ಚಿಯಲ್ಲಿ ಕೂರಲಾರದೆ ಹೋದೆ. ಪ್ರತಿ ಮಗಳು ಬಿಟ್ಟುಹೋದಾಗಲೂ ತಾಯಿಯ ಮೈಮೇಲೆ ಒಂದು ಕಲೆ ಉಳಿಯುತ್ತದೆ. ಆ ಕಲೆಗಳನ್ನು ಎಣಿಸಿದರೆ ಅದು ಎಷ್ಟು ಹೆತ್ತಿದೆ ಎಂದು ಹೇಳಬಹುದು. ಸುಮಾರು 20ರಿಂದ 30 ಹೆರಿಗೆಯ ನಂತರ ತಾಯಿಗೆ ಮುಪ್ಪು, ಸಾವು. ಆದರೆ ಮಗಳು ಹುಟ್ಟುವಾಗ ತಾಯಿಯ ಮುಪ್ಪು ಅವಳಿಗೆ ಬರುವುದಿಲ್ಲ, ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಹುರುಪಿನಿಂದ ಬೆಳೆಯುತ್ತಿರುವ ಯೀಸ್ಟಿನಲ್ಲಿ ಯಾವ ಗಳಿಗೆಗೆ ನೋಡಿದರೂ ಅರ್ಧದಷ್ಟು ಕೋಶಗಳು ಇನ್ನೂ ಒಮ್ಮೆಯೂ ಹೆರದ ಎಳೆಯವು, ಇನ್ನು ಕಾಲು ಪಾಲು ಒಮ್ಮೆ ಮಾತ್ರ ಹೆತ್ತವು. ಅಜ್ಜಿಯರು ಬೆರಳೆಣಿಕೆಯಷ್ಟು. ಮುತ್ತಜ್ಜನ ಕಾಲದಿಂದ ಬಂದ ಹೆಪ್ಪು ಎಂದು ಹೇಳುತ್ತೇವಲ್ಲ, ಅದರೊಳಗಿನ ಜೀವ ಎಂದೆಂದಿಗೂ ಹರೆಯದ್ದೇ!

ಈಗ ಸಂಖ್ಯೆಗಳಿಗೆ ಬರೋಣ. ಮನೆಯಲ್ಲಿ ಬಿಯರು ಮಾಡುವವರು ಸಾಮಾನ್ಯವಾಗಿ ಒಂದು ಸಲಕ್ಕೆ 20 ಲೀಟರ್ ಮಾಡುತ್ತಾರೆ. ಅಷ್ಟು ಮಾಲ್ಟ್ ರಸಕ್ಕೆ ಎಷ್ಟು ಯೀಸ್ಟು ಬೇಕು? ಏಲ್ ಬಿಯರಿಗೆ ಬ್ರೂಗಾರರು ನಂಬಿಕೊಂಡಿರುವ ಸೂತ್ರದಂತೆ ಮಿಲಿಲೀಟರಿಗೆ, ಸಕ್ಕರೆಯ ಒಂದು ಡಿಗ್ರಿಗೆ, ಏಳೂವರೆ ಲಕ್ಷ ಕೋಶ. ಮಾಮೂಲು 12 ಡಿಗ್ರಿಯ ರಸ ಎಂದು ಹಿಡಿದರೆ ಒಟ್ಟು 18,000 ಕೋಟಿ! ಭೂಮಿಯ ಮೇಲಿನ ಮನುಷ್ಯರನ್ನೆಲ್ಲ 20 ಸಲಕ್ಕೂ ಹೆಚ್ಚು ಎಣಿಸಿದಷ್ಟು. ಲಾಗರಿಗಾದರೆ ಇದರ ಇಮ್ಮಡಿ. ಕಡಿಮೆ ಹಾಕಿದರೆ ಇದ್ದ ಕೋಶಗಳೇ ಬಸವಳಿಯುತ್ತವೆ, ಅಷ್ಟರಲ್ಲಿ ಬೇಡದ ಬ್ಯಾಕ್ಟೀರಿಯಾ ಬಂದು ಸಿಹಿಯ ಮೇಲೆ ಕೂರುತ್ತದೆ.

ಅದಕ್ಕೇ ಮೊದಲು ಸಾಕಬೇಕು. ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಸಾರ ಹಾಕಿ, ಹತ್ತು ಹದಿನೈದು ನಿಮಿಷ ಕುದಿಸಿ, ಆರಿಸಿದರೆ ಯೀಸ್ಟಿನ ಊಟ ಸಿದ್ಧ. ಒಂದು ಸೂಜಿಮೊನೆಯಷ್ಟು ಯೀಸ್ಟಿನಿಂದ ಶುರುಮಾಡುವವರು ಮೊದಲು 10 ಮಿಲಿಲೀಟರ್ ರಸದಲ್ಲಿ ಬೆಳೆಸುತ್ತಾರೆ, ಅದನ್ನು 200ಕ್ಕೆ ಸುರಿಯುತ್ತಾರೆ, ಅದನ್ನು 2 ಲೀಟರಿಗೆ. ಒಮ್ಮೆಲೇ ದೊಡ್ಡ ಪಾತ್ರೆಗೆ ಹಾರುವಂತಿಲ್ಲ, ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ಪಾತ್ರೆಯ ಅಡಿಯಲ್ಲಿ ತಿರುಗುವ ಅಯಸ್ಕಾಂತ, ಒಳಗೆ ಅದರೊಂದಿಗೆ ಗಿರಗಿರ ಸುತ್ತುವ ಪುಟ್ಟ ಕಡ್ಡಿ. ರಾತ್ರಿಯೆಲ್ಲ ಸುಳಿ ತಿರುಗುತ್ತಿದ್ದರೆ ಆಮ್ಲಜನಕ ಒಳಗಿಳಿಯುತ್ತದೆ, ಕೋಶಗಳು ಅದರಿಂದ ತಮ್ಮ ಪೊರೆಗೆ ಬೇಕಾದ ಜಿಡ್ಡು ಕಟ್ಟಿಕೊಳ್ಳುತ್ತವೆ. ಬೆಳಗಿಗೆ ತಿಳಿಯಾಗಿದ್ದ ರಸ ಕದಡಿ ಮಜ್ಜಿಗೆಯ ಬಣ್ಣ. ಗಟ್ಟಿಯಾಗಿ ತಳಕ್ಕಿಳಿದ ಗಸಿಯ ಒಂದೇ ಮಿಲಿಲೀಟರಿನಲ್ಲಿ ನೂರು ಕೋಟಿಗೂ ಮಿಕ್ಕಿದ ಕೋಶಗಳು!

ಹೀಗೆ ಬೆಳೆಸಿದ್ದನ್ನು ಉಳಿಸಿಕೊಳ್ಳುವ ಉಪಾಯಗಳು ಒಂದಕ್ಕಿಂತ ಒಂದು ಚೆಲುವು. ಬಾಟಲಿಯ ಗಸಿಯನ್ನು ಅದೇ ಬಿಯರಿನ ಕೆಳಗೆ ಮುಳುಗಿಸಿ ಫ್ರಿಜ್ಜಿನಲ್ಲಿ ಇಡುವುದು ಎಲ್ಲಕ್ಕಿಂತ ಸುಲಭ, ಆದರೆ ಹವ್ಯಾಸಿಗಳು ಇಟ್ಟುಕೊಳ್ಳುವ ಲೆಕ್ಕದಂತೆ ತಿಂಗಳಿಗೆ ಸುಮಾರು ಐದನೇ ಒಂದು ಪಾಲು ಸಾಯುತ್ತದೆ. ಓರೆಯಾಗಿ ಹೆಪ್ಪುಗಟ್ಟಿಸಿದ ಅಗರ್ ಲೋಳೆಯ ಮೇಲೆ ಗೀರಿ ಇಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಗ್ಲಿಸರಿನ್ ಬೆರೆಸಿ ಫ್ರೀಜರಿನಲ್ಲಿಟ್ಟರೆ ಮಂಜಿನ ಹರಳುಗಳು ಕೋಶವನ್ನು ಸೀಳದಂತೆ ಅದು ಕಾಯುತ್ತದೆ. ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು ಮಾತ್ರ ಬರೀ ನೀರು. 1939ರಲ್ಲಿ ಇಟಲಿಯ ವೈದ್ಯ ಅಲ್ದೊ ಕಾಸ್ತೆಲ್ಲಾನಿ ಶಿಲೀಂಧ್ರಗಳನ್ನು ಶುದ್ಧ ಬಟ್ಟಿ ನೀರಿನಲ್ಲಿ ಹಾಕಿಟ್ಟರೆ ಉಳಿಯುತ್ತವೆ ಎಂದು ತೋರಿಸಿದ. ಊಟವಿಲ್ಲ, ಬರೀ ನೀರು! ತಿನ್ನಲು ಏನೂ ಇಲ್ಲದಿದ್ದರೆ ಬೆಳೆಯಲು ಹೋಗುವುದಿಲ್ಲ, ಬೆಳೆಯದಿದ್ದರೆ ದಣಿಯುವುದಿಲ್ಲ. ಚಿಕ್ಕ ಸೀಸೆಯಲ್ಲಿ, ಫ್ರಿಜ್ಜಿನ ಹಂಗೂ ಇಲ್ಲದೆ, ಕಪಾಟಿನ ಮೂಲೆಯಲ್ಲಿ ಹೀಗೆ ಯೀಸ್ಟು ಇಟ್ಟುಕೊಂಡ ಹವ್ಯಾಸಿಗಳು ಇಂದಿಗೂ ಇದ್ದಾರೆ. ಇನ್ನು ದೊಡ್ಡ ಭಂಡಾರಗಳ ಮಾತೇ ಬೇರೆ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ರಾಷ್ಟ್ರೀಯ ಯೀಸ್ಟ್ ಸಂಗ್ರಹದಲ್ಲಿ 4,000ಕ್ಕೂ ಹೆಚ್ಚು ತಳಿಗಳಿವೆ. ದ್ರವ ಸಾರಜನಕದ ಮೈನಸ್ 196 ಡಿಗ್ರಿಯ ಚಳಿಯಲ್ಲಿ ಅವುಗಳ ನಿದ್ದೆ. ನಮ್ಮ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದಲ್ಲಿಯೂ ಅಂಥದ್ದೊಂದು ಸೂಕ್ಷ್ಮಜೀವಿ ಭಂಡಾರ ಇದೆ.

ಒಂದೇ ತಳಿಯನ್ನು ಬೇರ್ಪಡಿಸಿ ಇಡುವ ಈ ವಿದ್ಯೆ ಹುಟ್ಟಿದ್ದು 1883ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಎಮಿಲ್ ಕ್ರಿಸ್ಟಿಯನ್ ಹಾನ್ಸೆನ್ ಒಂದೇ ಒಂದು ಕೋಶವನ್ನು ಹಿಡಿದು, ಅದರಿಂದಲೇ ಇಡೀ ಕಾರ್ಖಾನೆಗೆ ಬೇಕಾಗುವಷ್ಟು ಯೀಸ್ಟು ಬೆಳೆಸಿದ. ಆ ಕಂಪನಿಯ ಒಡೆಯ ಯಾಕೋಬ್ಸೆನ್ ಅದನ್ನು ಬಚ್ಚಿಡಲಿಲ್ಲ, ಕೇಳಿದ ಬ್ರೂಗಾರರಿಗೆಲ್ಲ ಕೊಟ್ಟ. ದೊಡ್ಡ ಮನಸ್ಸು, ಸಂಶಯವಿಲ್ಲ. ಆದರೆ ಅದರ ಬೆನ್ನಿಗೆ ಶುದ್ಧ ತಳಿ ಎಲ್ಲೆಡೆ ಹಬ್ಬಿತು, ಅಂಗಡಿಯಲ್ಲಿ ಬ್ರೆಡ್ಡಿನ ಯೀಸ್ಟು ಅಗ್ಗಕ್ಕೆ ಸಿಗತೊಡಗಿತು, ಯುರೋಪಿನ ಹಳ್ಳಿಹಳ್ಳಿಯ ಮನೆಯೀಸ್ಟುಗಳು ಒಂದೊಂದಾಗಿ ಕಣ್ಮುಚ್ಚಿದವು. ಯಾರೂ ಅವುಗಳ ಪಟ್ಟಿ ಬರೆದಿಡಲಿಲ್ಲ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕ್ವೈಕ್ ಉಳಿದದ್ದು ಹಟಮಾರಿ ರೈತರಿಂದ. ನಾರ್ವೆಯ ಜನಪದ ವಿದ್ವಾಂಸ ಒಡ್ ನೋರ್ಡ್‌ಲಾಂಡ್ ಹಳ್ಳಿಗರಿಂದ ಕಲೆಹಾಕಿದ ಉತ್ತರಗಳನ್ನು ಆಧರಿಸಿ 1969ರಲ್ಲಿ ಪುಸ್ತಕ ಬರೆದಾಗ ಅದೊಂದು ಮುಗಿಯುತ್ತಿರುವ ಪರಂಪರೆಯ ದಾಖಲೆಯಂತೆ ಕಂಡಿತ್ತು. ಆಮೇಲೆ ಬಂದವನು ಲಾರ್ಸ್ ಮಾರಿಯುಸ್ ಗಾರ್ಶೋಲ್. ವೃತ್ತಿಯಿಂದ ಸಾಫ್ಟ್‌ವೇರ್ ಎಂಜಿನಿಯರು! ಬಿಯರಿನ ಆಸಕ್ತಿಯಿಂದ ಕಡಲಕೊರಕಲುಗಳ ಹಳ್ಳಿಗಳನ್ನು ಸುತ್ತಿದ, ಅಡುಗೆಮನೆಗಳಲ್ಲಿ ಕೂತ, ಜುನಿಪರ್ ಕೊಂಬೆಗಳನ್ನು ಹಾಕಿ ನೀರು ಕಾಯಿಸುವ ತಾಮ್ರದ ಹಂಡೆಗಳ ಪಕ್ಕ ನಿಂತು ಟಿಪ್ಪಣಿ ಮಾಡಿಕೊಂಡ, ಯೀಸ್ಟಿನ ಮಾದರಿಗಳನ್ನು ತಂದು ನಾರ್ವಿಚ್‌ನ ಸಂಗ್ರಹಕ್ಕೆ ಕಳಿಸಿದ. 2020ರಲ್ಲಿ ಬಂದ ಅವನ ಪುಸ್ತಕ ಈ ವಿಷಯದ ಮೇಲೆ ನಾನು ಕಂಡ ಅತ್ಯಂತ ಅಕ್ಕರೆಯ ಬರಹ.

ಮುಂದಿನದ್ದು ಪ್ರಯೋಗಾಲಯದ ಸರದಿ. 2018ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರೈಸ್ ಮತ್ತು ಸಂಗಡಿಗರು, ಅವರಲ್ಲಿ ಗಾರ್ಶೋಲ್ ಕೂಡ ಒಬ್ಬ, ಕ್ವೈಕ್‌ಗಳ ವಂಶವಾಹಿಯನ್ನು ಓದಿ ಪ್ರಕಟಿಸಿದರು. ಇವು ಕಾಡಿನಿಂದ ಬಂದು ಬಿದ್ದವಲ್ಲ, ಮನುಷ್ಯ ಪಳಗಿಸಿದ ಯೀಸ್ಟುಗಳೇ, ಆದರೆ ಕಾರ್ಖಾನೆಯ ತಳಿಗಳಿಂದ ಬೇರೆಯಾದ ಸ್ವಂತ ಬಳಗ. ಬಿಸಿಗೆ ಜಗ್ಗುವುದಿಲ್ಲ, ಮದ್ಯಸಾರ ಹೆಚ್ಚಿದರೂ ಅಂಜುವುದಿಲ್ಲ, ಕೆಲಸ ಮುಗಿದ ಕೂಡಲೆ ಒಟ್ಟುಗೂಡಿ ತಳಕ್ಕಿಳಿಯುತ್ತವೆ. 2022ರಲ್ಲಿ ಅದೇ ಬಳಗದ ಇನ್ನೊಂದು ಅಧ್ಯಯನ ಹೊರಬಂತು. ಕ್ವೈಕ್ ಕೋಶಗಳು ಬೇರೆ ಯೀಸ್ಟುಗಳಿಗಿಂತ ಹೆಚ್ಚು ಟ್ರೆಹಲೋಸ್ ತುಂಬಿಕೊಳ್ಳುತ್ತವೆ!

ಇದನ್ನು ಓದಿದಾಗ ನನ್ನ ಮೈ ಜುಮ್ಮೆಂದಿತು. ಮರದ ಬಳೆ ಬರೀ ಯೀಸ್ಟನ್ನು ಕಾಪಿಡಲಿಲ್ಲ, ಯೀಸ್ಟನ್ನು ಕಡೆದು ಮಾಡಿದ್ದೇ ಆ ಬಳೆ! ಯೋಚಿಸಿ. ಪ್ರತಿ ಸಲ ಒಣಗಿಸಿದಾಗಲೂ ಕೈಲಾಗದವು ಸತ್ತವು, ಟ್ರೆಹಲೋಸನ್ನು ಬೇಗ ತುಂಬಿಕೊಂಡವು ಉಳಿದವು. ಪ್ರತಿ ಸಲ ನೊರೆಹಾಲಿನ ಬಿಸುಪಿಗೆ ಎಸೆದಾಗಲೂ ಬಿಸಿ ತಾಳದವು ಹೋದವು. ಎರಡೇ ದಿನದಲ್ಲಿ ಯೀಸ್ಟು ಎತ್ತಿಟ್ಟುಕೊಳ್ಳುತ್ತಿದ್ದರಿಂದ ನಿಧಾನಿಗಳಿಗೆ ಜಾಗವೇ ಇರಲಿಲ್ಲ. ಬಿಯರಿನ ರುಚಿ ಕೆಟ್ಟರೆ ಆ ಹೆಪ್ಪನ್ನು ಚೆಲ್ಲಿ ನೆರೆಮನೆಯಿಂದ ತಂದರು, ಹಾಗಾಗಿ ಕೆಟ್ಟ ರುಚಿಯ ಸಂತಾನವೂ ಅಳಿಯಿತು. ಉಳಿದದ್ದು ಒಂದೇ ತಳಿಯೂ ಆಗಿರಬೇಕಿಲ್ಲ. ಬಹಳಷ್ಟು ಮನೆಗಳ ಕ್ವೈಕ್‌ನಲ್ಲಿ ಹಲವು ತಳಿಗಳು ಕೂಡಿ ಬಾಳುತ್ತಿವೆ. ಇಷ್ಟನ್ನೂ ಮಾಡಿದವರು ತಾವು ಏನು ಮಾಡುತ್ತಿದ್ದೇವೆಂದು ಅರಿಯದ ರೈತರು, ರೈತಗಿತ್ತಿಯರು. ಹಳ್ಳಿಗಳಲ್ಲಿ ಬಿಯರಿನ ಕೆಲಸ ಹೆಂಗಸರ ಕೈಯಲ್ಲೇ ಇದ್ದ ಕಡೆಗಳು ಬಹಳ.

ಈಗ ಗಾರ್ಶೋಲ್ ಹುಡುಕಿದ ಮನೆಗಳ ಯೀಸ್ಟು ಪ್ರಪಂಚ ತಿರುಗುತ್ತಿದೆ. ಒಣಗಿದ ಮೇಲೆ ತೂಕವೇ ಇಲ್ಲದ್ದರಿಂದ ಅಂಚೆಯ ಲಕೋಟೆಯಲ್ಲಿ ಕೂತು ಹೋಗುತ್ತದೆ. ಅದೇ ಆಸೆಯಿಂದ ಲಿಥುವೇನಿಯಾ, ಲಾಟ್ವಿಯಾ, ರಷ್ಯಾದ ಹಳ್ಳಿಗಳಲ್ಲೂ ಹುಡುಕಿದರು, ಅಲ್ಲೂ ಮನೆಯೀಸ್ಟುಗಳು ಸಿಕ್ಕವು. ಅವೆಲ್ಲವನ್ನೂ ಒಟ್ಟಿಗೆ ಓದಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಸಾವಿರಾರು ಕಿಲೋಮೀಟರ್ ದೂರದ ಈ ಹಳ್ಳಿ ಯೀಸ್ಟುಗಳು ಸೇರಿ ಒಂದೇ ಬಳಗವಾಗುತ್ತವೆ, ಏಲ್ ತಳಿಗಳಿಗೆ ಹತ್ತಿರದ ನೆಂಟರಾದರೂ ಅವುಗಳಿಂದ ಬೇರೆಯಾಗಿಯೇ ನಿಲ್ಲುತ್ತವೆ. ಜೊತೆಗೆ ಇನ್ನೊಂದು ಸುದ್ದಿ. ಕಾರ್ಖಾನೆಯ ಬಿಯರು ಯೀಸ್ಟುಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಇವುಗಳ ವಂಶವಾಹಿಯಲ್ಲಿ ಏಷ್ಯಾದ ಹುದುಗು ಯೀಸ್ಟುಗಳ ಬೆರಕೆ ಇದೆ ಎಂದು ಲೆಕ್ಕ ಸೂಚಿಸುತ್ತದೆ. ಏಷ್ಯಾದ್ದು! ಹಿಮದ ನಾಡಿನ ಮನೆಯಲ್ಲಿ ತೂಗುಹಾಕಿದ್ದ ಬಳೆಯೊಳಗೆ, ನಮ್ಮ ಖಂಡದ ಯಾವುದೋ ಮಡಕೆಯಲ್ಲಿ ಹುದುಗಿದ್ದ ಯೀಸ್ಟಿನ ನೆತ್ತರು! ಯಾವ ದಾರಿಯಲ್ಲಿ, ಯಾರ ಚೀಲದಲ್ಲಿ, ಯಾವ ಶತಮಾನದಲ್ಲಿ ಅದು ಅಲ್ಲಿಗೆ ತಲುಪಿತು? ಉತ್ತರ ಬೇಕೆಂದರೆ ನಡುದಾರಿಯ ಊರುಗಳ ಮನೆಗಳಲ್ಲಿ ಇನ್ನೂ ಉಳಿದಿರಬಹುದಾದ ಹೆಪ್ಪುಗಳನ್ನು ಹುಡುಕಬೇಕು. ಹಾಗಾಗಿ ಯಾರ ಅಟ್ಟದಲ್ಲೇ ಆಗಲಿ ಬೂದು ಚಕ್ಕೆ ಅಂಟಿದ ಹಳೆಯ ಮರದ ಸಾಮಾನು ಕಂಡರೆ, ದಯವಿಟ್ಟು ಅದನ್ನು ಉಜ್ಜಿ ತೊಳೆದುಬಿಡಬೇಡಿ.